ಅಮೆರಿಕದಲ್ಲಿ ಫೋರ್‌ಕ್ಲೋಷರ್ ನೋಟಿಸು ಬಂದಾಗ ಲಾ ಸ್ಕೂಲ್ ಕ್ಲಿನಿಕ್‌ನ ನೆರವು ಪಡೆಯುವ ಬಗೆ

ಕೆಲಸ ಹೋದ ಸುದ್ದಿಯನ್ನು ನಮ್ಮವರು ಕನ್ನಡ ಕೂಟದ ಗೆಳೆಯರ ಬಳಿ ಹೇಗೋ ಹೇಳಿಕೊಳ್ಳುತ್ತಾರೆ, ಆದರೆ ಮನೆ ಸಾಲದ ಕಂತು ತಪ್ಪಿ ಫೋರ್‌ಕ್ಲೋಷರ್ ನೋಟಿಸು, ಅಂದರೆ ಸಾಲದ ಬಾಕಿಗಾಗಿ ಮನೆಯನ್ನು ಹರಾಜು ಹಾಕುವ ಕ್ರಮದ ನೋಟಿಸು, ಬಂದದ್ದನ್ನು ಮಾತ್ರ ಮನೆಯೊಳಗೇ ಮುಚ್ಚಿಡುತ್ತಾರೆ. ಮರ್ಯಾದೆಗೆ ಅಂಜಿ ಹೀಗೆ ಕಳೆದುಕೊಂಡ ದಿನಗಳೇ ಮನೆ ಉಳಿಸಿಕೊಳ್ಳಲು ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ದಿನಗಳಾಗಿರುತ್ತವೆ. ಅಮೆರಿಕದ ಹಲವು ಕಾನೂನು ಕಾಲೇಜುಗಳು, ಅಂದರೆ ಲಾ ಸ್ಕೂಲ್‌ಗಳು, ಇಂಥ ಮನೆಯೊಡೆಯರಿಗಾಗಿ ಉಚಿತ ಕಾನೂನು ನೆರವಿನ ಕ್ಲಿನಿಕ್‌ಗಳನ್ನು ನಡೆಸುತ್ತವೆ ಎಂಬುದು ಇಲ್ಲಿ ಹತ್ತಾರು ವರ್ಷ ಬಾಳಿದವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ.

ಮೊದಲು ಇಲ್ಲಿನ ಪದ್ಧತಿಯನ್ನು ನೋಡೋಣ. ನೀವು ಕಂತು ಕಟ್ಟುವ ಕಂಪನಿಯನ್ನು ಇಲ್ಲಿ ಸರ್ವಿಸರ್ ಎನ್ನುತ್ತಾರೆ. ಸಾಲದ ನಿಜವಾದ ಮಾಲೀಕ ಬೇರೆಯೇ ಸಂಸ್ಥೆ ಆಗಿರುವುದು ಸಾಮಾನ್ಯ. 2014ರ ಜನವರಿಯಲ್ಲಿ ಜಾರಿಗೆ ಬಂದ ಫೆಡರಲ್ ನಿಯಮಗಳ ಪ್ರಕಾರ, ಕಂತಿನ ಬಾಕಿ 120 ದಿನ ದಾಟುವವರೆಗೆ ಸಾಮಾನ್ಯವಾಗಿ ಸರ್ವಿಸರ್ ಫೋರ್‌ಕ್ಲೋಷರ್‌ನ ಮೊದಲ ಹೆಜ್ಜೆಯನ್ನೂ ಇಡುವಂತಿಲ್ಲ. ಸಾಲದ ಷರತ್ತು ಬದಲಿಸಿಕೊಡಿ ಎಂಬ ನಿಮ್ಮ ಅರ್ಜಿ, ಕೇಳಿದ ಎಲ್ಲ ದಾಖಲೆಗಳೊಂದಿಗೆ, ಹರಾಜಿಗೆ 37 ದಿನಕ್ಕಿಂತ ಮುಂಚೆ ತಲುಪಿದರೆ, ಅದನ್ನು 30 ದಿನದೊಳಗೆ ಪರಿಶೀಲಿಸಿ ಬರವಣಿಗೆಯಲ್ಲಿ ಉತ್ತರಿಸಬೇಕು. ಆ ತೀರ್ಮಾನ ಆಗುವವರೆಗೆ ಹರಾಜು ನಡೆಸುವಂತಿಲ್ಲ. ತೀರಾ ಸಣ್ಣ ಸರ್ವಿಸರ್‌ಗಳಿಗೆ ಕೆಲವು ವಿನಾಯಿತಿಗಳಿವೆ. ಅದಕ್ಕಿಂತ ಮುಖ್ಯವಾದದ್ದು, ಈ ರಕ್ಷಣೆ ನೀವೇ ವಾಸವಿರುವ ಮನೆಗೆ ಮಾತ್ರ. ಹೂಡಿಕೆಗೆಂದು ಕೊಂಡು ಬಾಡಿಗೆಗೆ ಕೊಟ್ಟ ಎರಡನೆಯ ಮನೆಗೂ ಇದು ಅನ್ವಯಿಸುತ್ತದೆ ಎಂದು ನಂಬಿ ಕುಳಿತವರನ್ನು ನಾನು ಕಂಡಿದ್ದೇನೆ.

ಇದರಾಚೆಗೆ ಪ್ರತಿ ರಾಜ್ಯದ ದಾರಿಯೂ ಬೇರೆ. ನ್ಯೂಜೆರ್ಸಿಯಲ್ಲಿ ಸಾಲ ಕೊಟ್ಟವರು ನ್ಯಾಯಾಲಯದಲ್ಲಿ ದಾವೆ ಹೂಡಲೇಬೇಕು, ಸಮನ್ಸ್ ಕೈಸೇರಿದ 35 ದಿನದೊಳಗೆ ನೀವು ಲಿಖಿತ ಉತ್ತರ ಸಲ್ಲಿಸಬೇಕು. ಸಲ್ಲಿಸದಿದ್ದರೆ ಏಕಪಕ್ಷೀಯ ತೀರ್ಪಿಗೆ ದಾರಿ ತೆರೆದಂತೆ. ಮ್ಯಾಸಚೂಸೆಟ್ಸ್, ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ನ್ಯಾಯಾಧೀಶರ ತೀರ್ಪಿಲ್ಲದೆಯೇ ಹರಾಜು ನಡೆಯಬಹುದು. ಭಾರತದಲ್ಲಿ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು ಕೊಟ್ಟು ಬ್ಯಾಂಕೇ ಆಸ್ತಿಯನ್ನು ವಶಕ್ಕೆ ಪಡೆಯುವುದನ್ನು ಬಲ್ಲವರಿಗೆ ಇದು ತೀರಾ ಹೊಸದೆನಿಸದು. ಮ್ಯಾಸಚೂಸೆಟ್ಸ್‌ನಲ್ಲಿ ಹರಾಜಾದ ಮೇಲೂ ನಿಮ್ಮನ್ನು ಹೊರಹಾಕಲು ನ್ಯಾಯಾಲಯಕ್ಕೆ ಬರಲೇಬೇಕು. ಆದ್ದರಿಂದ ಅಲ್ಲಿನ ಕ್ಲಿನಿಕ್‌ಗಳ ಎಷ್ಟೋ ಹೋರಾಟ ಹರಾಜಿನ ಅನಂತರ, ಹೌಸಿಂಗ್ ಕೋರ್ಟಿನಲ್ಲಿ ನಡೆಯುತ್ತದೆ.

ಕ್ಲಿನಿಕ್ ಎಂದರೇನು? ಭಾರತದಲ್ಲಿ ಸನ್ನದು ಪಡೆದ ವಕೀಲರಷ್ಟೇ ಕಕ್ಷಿದಾರರ ಪರವಾಗಿ ವಾದಿಸಬಹುದು, ಹಾಗಾಗಿ ವಿದ್ಯಾರ್ಥಿಯೊಬ್ಬ ನ್ಯಾಯಾಧೀಶರೆದುರು ನಿಲ್ಲುತ್ತಾನೆಂದರೆ ನಮಗೆ ನಂಬಿಕೆ ಹುಟ್ಟುವುದು ಕಷ್ಟ. ಇಲ್ಲಿ ರಾಜ್ಯದ ನ್ಯಾಯಾಲಯಗಳೇ ಅದಕ್ಕೆ ನಿಯಮ ರೂಪಿಸಿವೆ: ಓದಿನ ನಿಗದಿತ ಹಂತ ಮುಟ್ಟಿದ ವಿದ್ಯಾರ್ಥಿ, ಸನ್ನದು ಇರುವ ವಕೀಲರ ಮೇಲ್ವಿಚಾರಣೆಯಲ್ಲಿ, ನಿಮ್ಮ ಒಪ್ಪಿಗೆ ಪಡೆದು, ನಿಮ್ಮ ಪರ ಅರ್ಜಿ ಬರೆಯಬಹುದು, ಸಂಧಾನಕ್ಕೆ ಕೂರಬಹುದು, ವಾದಿಸಬಹುದು. ನೀವು ಹೇಳಿದ್ದನ್ನು ಗುಟ್ಟಾಗಿಡುವ ಹೊಣೆ ವಕೀಲರಿಗೆ ಇರುವಷ್ಟೇ ಅವರಿಗೂ ಇರುತ್ತದೆ. ಹಾರ್ವರ್ಡ್ ಲೀಗಲ್ ಏಡ್ ಬ್ಯೂರೋ 1913ರಿಂದ ಈ ಕೆಲಸ ಮಾಡುತ್ತಿದೆ. ಮಿಷೆಲ್ ಒಬಾಮಾ ವಿದ್ಯಾರ್ಥಿನಿಯಾಗಿದ್ದಾಗ ದುಡಿದದ್ದು ಅಲ್ಲಿಯೇ. 2008ರ ಆರ್ಥಿಕ ಕುಸಿತದ ಕಾಲದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬಾಸ್ಟನ್ನಿನ ಫೋರ್‌ಕ್ಲೋಷರ್ ಆದ ಮನೆಗಳ ಬಾಗಿಲು ಬಡಿದು, ಹೆದರಿ ಮನೆ ಬಿಟ್ಟು ಹೋಗಬೇಡಿ ಎಂದು ತಿಳಿಹೇಳಿದರು. ಕನೆಕ್ಟಿಕಟ್‌ನ ಯೇಲ್ ಲಾ ಸ್ಕೂಲಿನಲ್ಲೂ ಫೋರ್‌ಕ್ಲೋಷರ್ ಮೊಕದ್ದಮೆಗಳಿಗೆಂದೇ ಒಂದು ಕ್ಲಿನಿಕ್ ಹುಟ್ಟಿಕೊಂಡಿತು.

ಸಣ್ಣ ಅಂಗಡಿ ನಡೆಸಿ ನಷ್ಟಕ್ಕೆ ಸಿಕ್ಕಿದ್ದ ಪರಿಚಯದ ಹಿರಿಯ ದಂಪತಿಗೆ ದುಭಾಷಿಯಾಗಿ ನಾನು ಒಮ್ಮೆ ಅಂಥ ಕ್ಲಿನಿಕ್ ಒಂದಕ್ಕೆ ಹೋಗಿದ್ದೆ. ಅವರು ಕಾಗದಪತ್ರಗಳನ್ನೆಲ್ಲ ಅಕ್ಕಿಯ ಖಾಲಿ ಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಅರ್ಧಕ್ಕಿಂತ ಹೆಚ್ಚು ಲಕೋಟೆಗಳನ್ನು ಒಡೆದೇ ಇರಲಿಲ್ಲ. ಯಜಮಾನರು ವಿದ್ಯಾರ್ಥಿನಿಯ ಮುಖ ನೋಡಿ, "ಈ ಮಗು ಇನ್ನೂ ಓದ್ತಾ ಇದೆಯಲ್ಲಪ್ಪ, ಕೋರ್ಟಿನಲ್ಲಿ ಇವಳ ಮಾತು ಕೇಳ್ತಾರಾ?" ಎಂದು ನನ್ನನ್ನೇ ಕೇಳಿದರು. ಆಕೆ ಲಕೋಟೆಗಳನ್ನು ಒಂದೊಂದಾಗಿ ಒಡೆದು, ಅಂಚೆ ಮುದ್ರೆಯ ತಾರೀಖಿನಂತೆ ಮೇಜಿನುದ್ದಕ್ಕೂ ಜೋಡಿಸುತ್ತಾ ಹೋದಳು. ಪತ್ರ ತೆಗೆದ ಮೇಲೆ ಲಕೋಟೆಯನ್ನು ಬಿಸಾಡದೆ ಅದರ ಹಿಂದೆಯೇ ಪಿನ್ ಮಾಡಿದಳು, ಏಕೆಂದರೆ ಪತ್ರದೊಳಗಿನ ತಾರೀಖಿಗೂ ಅದು ಅಂಚೆಗೆ ಬಿದ್ದ ತಾರೀಖಿಗೂ ವ್ಯತ್ಯಾಸವಿದ್ದರೆ ಅದೂ ಒಂದು ಪುರಾವೆ. ಒಡೆಯದ ಲಕೋಟೆಯೊಂದರಲ್ಲಿ ಸಿಕ್ಕ ಪತ್ರ ಕೇಳಿದ್ದು ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ಮಾತ್ರ. ಅದು ಹೋಗಿರಲಿಲ್ಲ, ಸಾಲದ ಷರತ್ತು ಬದಲಿಸಲು ಅವರು ಸರ್ವಿಸರ್‌ಗೆ ಕೊಟ್ಟಿದ್ದ ಅರ್ಜಿ ಅಪೂರ್ಣವೆಂದು ಉಳಿದುಬಿಟ್ಟಿತ್ತು. ಮೇಲ್ವಿಚಾರಕ ವಕೀಲರು ಆ ಒಂದೂವರೆ ಗಂಟೆಯಲ್ಲಿ ಬಾಯಿ ಬಿಟ್ಟದ್ದು ಎರಡೇ ಸಲ.

ವಿದ್ಯಾರ್ಥಿಗಳ ಬಲ ಇರುವುದು ಇಂಥ ತಾಳ್ಮೆಯಲ್ಲಿ. ನೂರಾರು ಕಡತಗಳ ಹೊರೆಯಿರುವ ವಕೀಲರಿಗೆ ಸಿಗದ ಬಿಡುವು ಕೆಲವೇ ಕಡತಗಳಿರುವ ವಿದ್ಯಾರ್ಥಿಗೆ ಸಿಗುತ್ತದೆ. ಸಾಲ ಒಬ್ಬರಿಂದೊಬ್ಬರಿಗೆ ವರ್ಗವಾದ ಪ್ರತಿ ಪತ್ರವನ್ನೂ ಅವರು ನೋಂದಣಿ ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ಇದು ವ್ಯರ್ಥ ಕಸರತ್ತಲ್ಲ: ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 2007ರಲ್ಲಿ ಹರಾಜಾದ ಎರಡು ಮನೆಗಳ ಪ್ರಕರಣದಲ್ಲಿ, ಹರಾಜಿನ ಹೊತ್ತಿಗೆ ಅಡಮಾನ ತಮ್ಮ ಹೆಸರಿಗೆ ವರ್ಗವಾಗಿತ್ತೆಂದು ಬ್ಯಾಂಕುಗಳು ತೋರಿಸಲಾಗಲಿಲ್ಲವೆಂಬ ಕಾರಣಕ್ಕೆ, ರಾಜ್ಯದ ಅತ್ಯುನ್ನತ ನ್ಯಾಯಾಲಯ 2011ರ ಜನವರಿಯಲ್ಲಿ ಆ ಹರಾಜುಗಳು ಊರ್ಜಿತವಲ್ಲ ಎಂದಿತು. ಇಬಾನೆಜ್ ತೀರ್ಪು ಎಂದು ಹೆಸರಾದದ್ದು ಇದೇ. ಹಾಗೆಂದು ಇಂಥ ದೋಷ ಸಿಕ್ಕಿದ ಕೂಡಲೇ ಸಾಲ ಮನ್ನಾ ಆಗುತ್ತದೆಂದು ತಿಳಿಯಬಾರದು. ಬಹುಪಾಲು ಸಂದರ್ಭಗಳಲ್ಲಿ ಅದರಿಂದ ಸಿಗುವುದು ಸಮಯ, ಮಾತುಕತೆಯಲ್ಲಿ ಒಂದಿಷ್ಟು ಹಿಡಿತ, ಕಟ್ಟಲು ಸಾಧ್ಯವಾಗುವಂಥ ಹೊಸ ಕಂತು. ಇಲ್ಲವೆ ನೀವೇ ಮನೆ ಮಾರಿ ಮರ್ಯಾದೆಯಿಂದ ಹೊರಬರಲು ಬೇಕಾದ ಅವಕಾಶ.

ಕ್ಲಿನಿಕ್‌ಗಳಿಗೆ ಮಿತಿಗಳೂ ಇವೆ. ಸೆಮಿಸ್ಟರ್ ಮುಗಿದರೆ ವಿದ್ಯಾರ್ಥಿ ಬದಲಾಗಬಹುದು, ಆಗ ನಿಮ್ಮ ಕತೆಯನ್ನು ಇನ್ನೊಬ್ಬರಿಗೆ ಮೊದಲಿಂದ ಹೇಳಬೇಕಾದೀತು. ಆದರೆ ಕಡತ ಮೇಲ್ವಿಚಾರಕರ ಬಳಿಯೇ ಉಳಿಯುತ್ತದೆ. ಎಲ್ಲರ ವಕಾಲತ್ತನ್ನೂ ಅವರು ವಹಿಸುವುದಿಲ್ಲ. ಕೆಲವರಿಗೆ ಉತ್ತರಪತ್ರ ಬರೆದುಕೊಟ್ಟು ಅಷ್ಟಕ್ಕೇ ನಿಲ್ಲಿಸುತ್ತಾರೆ. ಆದಾಯದ ಮಿತಿಯನ್ನೂ ಕೇಳುತ್ತಾರೆ, ಕೆಲಸ ಕಳೆದುಕೊಂಡವರು ತಮ್ಮ ಹಳೆಯ ಸಂಬಳವನ್ನು ನೆನೆದು ತಾವಾಗಿಯೇ ಅನರ್ಹರೆಂದುಕೊಳ್ಳುವುದು ತಪ್ಪು. ಈಗಿನ ಆದಾಯವನ್ನು ಹೇಳಿ ಕೇಳಬೇಕು.

ಎಚ್-1ಬಿ ವೀಸಾದವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಫೆಡರಲ್ ಸರ್ಕಾರದ ಲೀಗಲ್ ಸರ್ವಿಸಸ್ ಕಾರ್ಪೊರೇಷನ್ನಿನ ಹಣದಿಂದ ನಡೆಯುವ ನೆರವು ಸಂಸ್ಥೆಗಳು ಪೌರರು, ಗ್ರೀನ್ ಕಾರ್ಡ್ ಇರುವವರು ಮತ್ತು ಇನ್ನು ಕೆಲವೇ ವರ್ಗದವರಿಗಷ್ಟೇ ವಕಾಲತ್ತು ವಹಿಸಬಹುದು. ಸಾಮಾನ್ಯವಾಗಿ ಎಚ್-1ಬಿ ಅದರಲ್ಲಿ ಸೇರುವುದಿಲ್ಲ. ಆ ಹಣ ಪಡೆಯದ ಲಾ ಸ್ಕೂಲ್ ಕ್ಲಿನಿಕ್‌ಗೆ ಈ ನಿರ್ಬಂಧವಿಲ್ಲ. ಹಾಗಾಗಿ ಒಂದು ಕಡೆ ಇಲ್ಲವೆಂದರೆ ಇನ್ನೊಂದು ಕಡೆ ಕೇಳಿ. ಕೆಲಸ ಹೋದವರಿಗೆ ಈ ದೇಶದಲ್ಲಿ ಉಳಿಯಲು ವೀಸಾ ನಿಯಮದಲ್ಲಿ ಸಿಗುವುದು ಗರಿಷ್ಠ 60 ದಿನ, ಫೋರ್‌ಕ್ಲೋಷರ್ ಶುರುವಾಗಲು ಸಾಮಾನ್ಯವಾಗಿ ಕನಿಷ್ಠ 120 ದಿನ. ಊರಿಗೆ ಮರಳುವ ಸಂಭವವಿದ್ದರೆ ಮನೆಯನ್ನು ಹಾಗೇ ಬಿಟ್ಟು ವಿಮಾನ ಹತ್ತುವುದಕ್ಕಿಂತ, ಮಾರಾಟದ ದಾರಿಯನ್ನು ಮೊದಲ ತಿಂಗಳೇ ಕ್ಲಿನಿಕ್‌ನಲ್ಲಿ ಕೇಳಿಕೊಳ್ಳುವುದು ಲೇಸು.

ನೋಟಿಸು ಸಾರ್ವಜನಿಕ ದಾಖಲೆಗೆ ಸೇರಿದ ಕೂಡಲೇ "ನಿಮ್ಮ ಮನೆ ಉಳಿಸಿಕೊಡುತ್ತೇವೆ" ಎಂಬ ಕರೆಗಳು ಬರತೊಡಗುತ್ತವೆ. ಸಾಲದಾತರಿಂದ ಲಿಖಿತ ಪ್ರಸ್ತಾವ ತಂದು, ಅದನ್ನು ನೀವು ಒಪ್ಪುವ ಮೊದಲೇ ಶುಲ್ಕ ವಸೂಲು ಮಾಡುವುದನ್ನು ಇಂಥ ಕಂಪನಿಗಳಿಗೆ ಫೆಡರಲ್ ನಿಯಮ ನಿಷೇಧಿಸಿದೆ. ಕ್ರಯಪತ್ರಕ್ಕೆ ಸಹಿ ಕೇಳಿದರಂತೂ ಮಾತು ಅಲ್ಲಿಗೇ ಮುಗಿಸಿ.

ಕ್ಲಿನಿಕ್‌ಗೆ ಹೋಗುವಾಗ ಸಾಲದ ಪ್ರಾಮಿಸರಿ ನೋಟ್, ಮಾರ್ಟ್‌ಗೇಜ್ ಪತ್ರ, ಇತ್ತೀಚಿನ ಕಂತಿನ ಸ್ಟೇಟ್‌ಮೆಂಟ್, ಆದಾಯದ ದಾಖಲೆ, ಬಂದ ಪ್ರತಿ ಪತ್ರ ಮತ್ತು ಅದರ ಲಕೋಟೆ ಜೊತೆಗಿರಲಿ. ಸರ್ವಿಸರ್‌ಗೆ ಫೋನ್ ಮಾಡಿದ್ದರೆ ತಾರೀಖು ಮತ್ತು ಮಾತಾಡಿದವರ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹತ್ತಿರದಲ್ಲಿ ಕ್ಲಿನಿಕ್ ಇಲ್ಲದಿದ್ದರೆ, ಅಥವಾ ಅವರು ಪ್ರಕರಣ ಕೈಗೆತ್ತಿಕೊಳ್ಳದಿದ್ದರೆ, ಫೆಡರಲ್ ವಸತಿ ಇಲಾಖೆಯ ಮಾನ್ಯತೆ ಪಡೆದ ಸಲಹೆಗಾರರನ್ನು 800-569-4287 ಸಂಖ್ಯೆಯ ಮೂಲಕ ಹುಡುಕಬಹುದು. ಫೋರ್‌ಕ್ಲೋಷರ್ ತಪ್ಪಿಸುವ ಸಲಹೆಗೆ ಅವರು ಹಣ ಪಡೆಯುವುದಿಲ್ಲ. ಅವರು ವಕೀಲರಲ್ಲವಾದ್ದರಿಂದ ಸಮನ್ಸ್ ಬಂದಿದ್ದರೆ ಅದಕ್ಕೆ ಉತ್ತರ ಸಲ್ಲಿಸುವ ಗಡುವನ್ನು ನೀವೇ ನೋಡಿಕೊಳ್ಳಬೇಕಾಗುತ್ತದೆ.