ಮಂಡಿನೋವಿದ್ದರೂ ಕಾಲು ಗಟ್ಟಿಯಾಗಬೇಕೆ? ಜಗಲಿ ಕಂಬ ಹಿಡಿದೇ ಶುರು ಮಾಡಿ

ಶಿರಸಿ ಕಡೆ ಮಳೆಗಾಲ ಅಂದರೆ ಅಂಗಳದ ತುಂಬಾ ಪಾಚಿ. ಅಡಿಕೆ ದಬ್ಬೆ ಹಾಸಿದರೂ ಜಾರುವುದು ಜಾರುತ್ತದೆ. ಎರಡು ವರ್ಷದ ಹಿಂದೆ ನಮ್ಮ ಆಯಿ ಹೀಗೇ ಜಾರಿದಳು, ಪುಣ್ಯಕ್ಕೆ ಕಂಬ ಕೈಗೆ ಸಿಕ್ಕಿತು. ಆಮೇಲೆ ಹೆದರಿಕೆ ಹೊಕ್ಕಿತು ನೋಡಿ, 'ತಮಾ, ಮಂಡಿ ಹಿಡ್ಕಂಜು' ಅನ್ನುತ್ತಾ ಇಡೀ ದಿನ ಮಂಚದ ಮೇಲೇ ಇರತೊಡಗಿದಳು. ಕೆಲವೇ ತಿಂಗಳಲ್ಲಿ ತೊಡೆ ಸಣ್ಣಗಾಯಿತು, ನೋವು ಜಾಸ್ತಿಯಾಯಿತು.

ಸುಮ್ನೆ ಕೂತರೆ ಮಂಡಿಗೆ ಆರಾಮ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ಅದು ತಪ್ಪು. ಮಂಡಿಯ ಭಾರ ಹೊರುವುದರಲ್ಲಿ ತೊಡೆಯ ಸ್ನಾಯುವಿನ ಪಾಲು ದೊಡ್ಡದು. ಅದು ಸೋತರೆ ಭಾರವೆಲ್ಲ ಕೀಲಿಗೆ ಬೀಳುತ್ತದೆ. ಮೂಳೆ ತುದಿಯ ನುಣುಪಾದ ಪದರಕ್ಕೆ, ಅಂದರೆ ಕಾರ್ಟಿಲೇಜಿಗೆ, ರಕ್ತನಾಳವೂ ಇಲ್ಲ. ಕೀಲು ಆಡಿದಾಗ ಒಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ.

ಮೊದಲು ಕುರ್ಚಿಯಿಂದ ಏಳುವುದು. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಂಚಿಗೆ ಸರಿದು ಕೂತು, ಪಾದಗಳನ್ನು ಸ್ವಲ್ಪ ಹಿಂದೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಆಮೇಲೆ ಏಳಿ. ಕೂರುವಾಗ ದೊಪ್ಪನೆ ಕೂರಬೇಡಿ, ಮೂರು ಎಣಿಸುತ್ತಾ ನಿಧಾನ ಇಳಿಯಿರಿ. ಕಾಲಿಗೆ ಬಲ ಕೊಡುವುದರಲ್ಲಿ ಈ ಇಳಿಯುವುದೂ ಏಳುವಷ್ಟೇ ಮುಖ್ಯ. ನೋವಾದರೆ ಕಂಬಳಿ ಮಡಚಿ ಹಾಕಿ ಎತ್ತರ ಮಾಡಿಕೊಳ್ಳಿ. ಆಯಿ ಶುರು ಮಾಡಿದ್ದು ಎರಡು ಕಂಬಳಿ ಹಾಕಿ, ಐದೇ ಸಲ.

ಆಮೇಲೆ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹತ್ತು ಸಲ.

ಈಗ ಸಮತೋಲನ. ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಕಂಬದ ಪಕ್ಕ ಪಾದ ಜೋಡಿಸಿ 10 ಸೆಕೆಂಡ್ ನಿಲ್ಲಿ. 30 ಸೆಕೆಂಡ್ ಸಲೀಸಾದ ಮೇಲೆ ಒಂದು ಪಾದವನ್ನು ಅರ್ಧ ಮುಂದಿಡಿ. ಅದೂ ಬಂದ ಮೇಲೆ ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನಿಲ್ಲಿ. ಕೈ ಪೂರ್ತಿ ಬಿಡುವ ಅವಸರ ಬೇಡ, ಎರಡು ಬೆರಳು ಕಂಬಕ್ಕೆ ತಾಗಿರಲಿ. ಶುರುವಿನಲ್ಲಿ ಮನೆಯವರೊಬ್ಬರು ಪಕ್ಕದಲ್ಲೇ ಇರಬೇಕು. 65 ದಾಟಿದವರು ಇಂಥದ್ದನ್ನು ವಾರಕ್ಕೆ ಕನಿಷ್ಠ 3 ದಿನ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ.

ನೋವಿಗೊಂದು ಲೆಕ್ಕವಿದೆ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಎರಡು ತಾಸಿನ ಮೇಲೂ ಮೊದಲಿಗಿಂತ ಜಾಸ್ತಿ ಇದ್ದರೆ ಮರುದಿನ ಕಡಿಮೆ ಮಾಡಿ. ಆದರೆ ಕೀಲು ಬಿಸಿಯಾಗಿ ಊದಿದ್ದರೆ, ಜ್ವರ ಬಂದರೆ, ಕಾಲೂರಲು ಆಗದಿದ್ದರೆ, ನಿಂತಾಗ ತಲೆ ತಿರುಗಿದರೆ ಇದೆಲ್ಲ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆಯಿಂದಲೂ ತಲೆ ತಿರುಗಬಹುದು, ಅದನ್ನೂ ಹೇಳಿ.

ಕಾರವಾರದವರು ಟಾಗೋರ್ ಕಡಲತೀರಕ್ಕೆ ಹೋಗುವುದಾದರೆ ಒಣ ಮರಳಲ್ಲಿ ನಡೆಯಬೇಡಿ, ಪಾದ ಹೂತು ಮಂಡಿ ತಿರುಚುತ್ತದೆ. ನೀರು ಇಳಿದಾಗ ಗಟ್ಟಿಯಾಗಿರುವ ಒದ್ದೆ ಮರಳೇ ವಾಸಿ. ಕೋಲು ಹಿಡಿಯುವವರು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಸವೆದ ಹವಾಯಿ ಚಪ್ಪಲಿ ಇವತ್ತೇ ಎಸೆಯಿರಿ.

ಆಯಿ ಈಗ ಕಂಬಳಿ ತೆಗೆದಿದ್ದಾಳೆ. ಬರಿ ಕುರ್ಚಿಯಿಂದ ಹತ್ತು ಸಲ ಏಳುತ್ತಾಳೆ.