ದೋಣಿಯ ಪಕ್ಕದ ಹಲಗೆಗೆ ಟೆಂಪ್ಲೇಟ್ ತೆಗೆಯುವುದು ಹೇಗೆ?

ಮನೆಯಂಗಳದಲ್ಲಿ ದೋಣಿ ಕಟ್ಟುವವರು ಹೆಚ್ಚಾಗಿ ಎಡವುವುದು ಪಕ್ಕದ ಹಲಗೆಯಲ್ಲಿ. ನಕ್ಷೆಯಲ್ಲಿ ದೋಣಿಯನ್ನು ಪಕ್ಕದಿಂದ ನೋಡಿದ ಚಿತ್ರ ಇರುತ್ತದಲ್ಲ, ಅದನ್ನೇ ಅಳೆದು ದುಬಾರಿ ಪ್ಲೈವುಡ್ ಕತ್ತರಿಸಿಬಿಡುತ್ತಾರೆ. ಆಮೇಲೆ ಹಲಗೆ ಕೂರುವುದೇ ಇಲ್ಲ. ದೋಣಿಯ ಪಕ್ಕ ಮೇಲಕ್ಕೆ ಹೋದಂತೆ ಹೊರಕ್ಕೆ ವಾಲಿರುತ್ತದೆ, ಉದ್ದಕ್ಕೂ ಬಾಗಿಯೂ ಇರುತ್ತದೆ. ಬಾಯಿ ಅಗಲವಾದ ಸ್ಟೀಲ್ ಲೋಟಕ್ಕೆ ನೇರವಾದ ಕಾಗದದ ಪಟ್ಟಿ ಸುತ್ತಿ ನೋಡಿ, ತುದಿಗಳು ಮೇಲಕ್ಕೇಳುತ್ತವೆ. ದೋಣಿಯಲ್ಲೂ ಅದೇ ಆಗುವುದು. ಅದಕ್ಕೇ ಟೆಂಪ್ಲೇಟನ್ನು, ಅಂದರೆ ಹಲಗೆ ಕತ್ತರಿಸಲು ಇಟ್ಟುಕೊಳ್ಳುವ ಮಾದರಿಯನ್ನು, ಚೌಕಟ್ಟಿನ ಮೇಲಿಂದಲೇ ತೆಗೆಯಬೇಕು.

12 ಅಡಿಯ ಚಪ್ಪಟೆ ತಳದ ದೋಣಿ ಎಂದುಕೊಳ್ಳಿ. ಅಡ್ಡ ಚೌಕಟ್ಟು, ಮೂತಿಯ ಮರ, ಹಿಂಬದಿ ಹಲಗೆ ಎಲ್ಲವನ್ನೂ ತಲೆಕೆಳಗಾಗಿ ನಿಲ್ಲಿಸಿ, ನಡುವೆ ದಾರ ಕಟ್ಟಿ ನೇರ ಮಾಡಿಕೊಳ್ಳಿ. ಚೌಕಟ್ಟಿನ ಅಂಚುಗಳನ್ನು ಬಾಗಿಗೆ ಹೊಂದುವಂತೆ ಕೀಸಿ.

ಟೆಂಪ್ಲೇಟಿಗೆ 3 ಮಿ.ಮೀ. ಪ್ಲೈವುಡ್ಡೇ ಬೇಕು. ರಟ್ಟು, ಖಾಕಿ ಕಾಗದ ಬೇಡವೇ ಬೇಡ, ಮಳೆಗಾಲದ ತೇವಕ್ಕೆ ಎರಡೂ ಹಿಗ್ಗುತ್ತವೆ.

ಈಗ ನಿಜವಾದ ಕೆಲಸ. ಹಾಳೆ 8 ಅಡಿಯದ್ದು, ಹಾಗಾಗಿ ಎರಡು ತುಂಡು ಬೇಕು. ಅಗಲದಲ್ಲಿ ಎರಡೂ ಕಡೆ 2 ಇಂಚು ಜಾಸ್ತಿ ಇರಲಿ. ನಡುವಿನ ಚೌಕಟ್ಟಿಗೆ ಮೊದಲ ಕ್ಲ್ಯಾಂಪ್ ಹಾಕಿ, ಅಲ್ಲಿಂದ ತುದಿಯ ಕಡೆ ನಿಧಾನಕ್ಕೆ ಬಾಗಿಸುತ್ತಾ ಹೋಗಿ. ಹಾಳೆ ತನ್ನಷ್ಟಕ್ಕೆ ಎತ್ತ ಹೋಗುತ್ತದೋ ಅತ್ತ ಬಿಡಿ. ಮೇಲಕ್ಕೋ ಕೆಳಕ್ಕೋ ಸ್ವಲ್ಪ ಎಳೆದು "ಸರಿಮಾಡಿದರೆ" ಆ ಎಳೆತ ಟೆಂಪ್ಲೇಟಿನಲ್ಲಿ ಉಳಿದುಬಿಡುತ್ತದೆ, ಬಿಚ್ಚಿ ನೆಲಕ್ಕೆ ಹಾಕಿದ ಕೂಡಲೇ ಆಕಾರ ಬದಲಾಗುತ್ತದೆ. ಎರಡೂ ತುಂಡು ಹಾಗೇ ಕೂತ ಮೇಲೆ, ಅಲ್ಲೇ, ಬಾಗಿದ ಸ್ಥಿತಿಯಲ್ಲೇ, ಒಂದು ಪಟ್ಟಿಯಿಟ್ಟು ಸ್ಕ್ರೂ ಹಾಕಿ ಸೇರಿಸಿ. ನೆಲದ ಮೇಲೆ ಮೊದಲೇ ಜೋಡಿಸುವ ಶಾರ್ಟ್‌ಕಟ್ ಬೇಡ, ಕೋನ ತಪ್ಪುತ್ತದೆ.

ಒಳಗಿನಿಂದ ಪೆನ್ಸಿಲ್‌ನಲ್ಲಿ ತಳದ ಅಂಚು, ಪ್ರತಿ ಚೌಕಟ್ಟಿನ ಜಾಗ, ಬಾಯಂಚಿನ (ದೋಣಿಯ ಪಕ್ಕದ ಮೇಲಂಚಿನ) ಗುರುತು ಹಾಕಿ. ಬಿಚ್ಚಿ ನೆಲದ ಮೇಲಿಟ್ಟು, ಗುರುತಿಗೊಂದು ಮೊಳೆ ಹೊಡೆದು, ಗಂಟಿಲ್ಲದ ತೆಳು ರೀಪು ಬಾಗಿಸಿ. ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಒಂದು ಮೊಳೆ 2–3 ಮಿ.ಮೀ. ಆಚೀಚೆ ಇದ್ದರೆ ರೀಪನ್ನೇ ನಂಬಿ, ಮೊಳೆ ಕೀಳಿ. 10 ಮಿ.ಮೀ. ತಪ್ಪಿದ್ದರೆ ಚೌಕಟ್ಟೇ ಜಾಗ ಬಿಟ್ಟಿದೆ, ಹೋಗಿ ನೋಡಿ. ಬಾಯಂಚಿನಲ್ಲಿ ವಿಶೇಷ ಗಮನವಿರಲಿ, ಅಲ್ಲಿನ ಸೊಟ್ಟ ದೂರದಿಂದಲೇ ಕಾಣುತ್ತದೆ.

ರೀಪಿನ ಗುಂಟ ಗೆರೆ ಎಳೆದು, ಗೆರೆಯ ಹೊರಗೆ ಕತ್ತರಿಸಿ, ಕೀಸುಳಿಯಿಂದ ಗೆರೆಗೆ ತನ್ನಿ. ನಂತರ ಟೆಂಪ್ಲೇಟನ್ನು ಮಗುಚಿ ದೋಣಿಯ ಇನ್ನೊಂದು ಪಕ್ಕಕ್ಕೆ ಇಟ್ಟು ನೋಡಲೇಬೇಕು. ಕೂರಲಿಲ್ಲವೆಂದರೆ ಚೌಕಟ್ಟು ಸರಿಮಾಡಿ, ಟೆಂಪ್ಲೇಟ್ ಮುಟ್ಟಬೇಡಿ.

ಕೊನೆಗೆ ಅಸಲಿ ಪ್ಲೈವುಡ್, 6 ಮಿ.ಮೀ. ಬರೀ "ಮರೀನ್" ಎಂಬ ಮುದ್ರೆ ನಂಬಬೇಡಿ, ನೀರಲ್ಲಿ ಬಳಸುವ ಪ್ಲೈವುಡ್ಡಿನ ಭಾರತೀಯ ಮಾನದಂಡವಾದ ಐಎಸ್ 710 ಎಂದಿರಬೇಕು. ಅನುಮಾನವಿದ್ದರೆ ಒಂದು ತುಂಡನ್ನು ಕೆಲವು ಗಂಟೆ ಕುದಿಸಿ, ಪದರ ಬಿಟ್ಟರೆ ವಾಪಸ್ ಕೊಡಿ. ಎರಡೂ ಹಲಗೆ ಒಂದರ ಮೇಲೊಂದಿಟ್ಟು ಒಟ್ಟಿಗೆ ಕೀಸಿ. ಮೂತಿ ಮತ್ತು ಹಿಂಬದಿಯಲ್ಲಿ ಒಂದಿಂಚು ಉಳಿಸಿಕೊಳ್ಳಿ, ಅದನ್ನು ಹಲಗೆ ಅಂಟಿಸಿದ ಮೇಲೆ ಕತ್ತರಿಸಿದರಾಯಿತು.