ಕಂಪ್ಯೂಟರಿನಲ್ಲಿರುವ ಹಾಡು, ವಿಡಿಯೊ ಫೋನಿಗೆ ಹಾಕಿಕೊಳ್ಳೋದು ಹೇಗೆ?

ಫೋನನ್ನು ಕಂಪ್ಯೂಟರಿಗೆ ಚುಚ್ಚಿದಿರಿ. ಚಾರ್ಜ್ ಆಗ್ತಾ ಇದೆ, ಆದರೆ ಕಂಪ್ಯೂಟರಿನಲ್ಲಿ ಫೋನಿನ ಹೆಸರೇ ಇಲ್ಲ. ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ತಕ್ಷಣ ಯಾವುದೋ ಡ್ರೈವರ್ (ಫೋನನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ) ಹುಡುಕಿಕೊಂಡು ಇನ್‌ಸ್ಟಾಲ್ ಮಾಡೋಕೆ ಹೋಗಬೇಡಿ. ಮೊದಲು ಕೇಬಲ್ ನೋಡಿ.

ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ಕರೆಂಟಿಗೆ ಎರಡು ತಂತಿ, ಡೇಟಾಗೆ ಎರಡು ತಂತಿ ಇರುತ್ತವೆ. ಕೆಲವು ಅಗ್ಗದ ಕೇಬಲ್‌ಗಳಲ್ಲಿ, ಇಯರ್‌ಫೋನ್ ಅಥವಾ ಟಾರ್ಚ್ ಜೊತೆ ಬರುವ ಗಿಡ್ಡ ಕೇಬಲ್‌ಗಳಲ್ಲಿ, ಡೇಟಾ ತಂತಿಗಳೇ ಇಲ್ಲದಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಅದೇ ತಲೆನೋವು. ಫೋನಿನ ಡಬ್ಬಿಯಲ್ಲಿ ಬಂದ ಕೇಬಲ್ ಇದ್ದರೆ ಅದನ್ನೇ ಹಾಕಿ. ಮಧ್ಯೆ ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಬೇಡ, ನೇರ ಕಂಪ್ಯೂಟರಿನ ಪೋರ್ಟಿಗೇ ಚುಚ್ಚಿ.

ಕೇಬಲ್ ಸರಿಯಿದ್ದರೂ ಆಂಡ್ರಾಯ್ಡ್ ಫೋನ್ ತಾನಾಗಿ ಫೈಲ್ ತೋರಿಸುವುದಿಲ್ಲ. ಚುಚ್ಚಿದರೆ ಸುಮ್ನೆ ಚಾರ್ಜ್ ಮಾಡಿಕೊಳ್ಳುತ್ತಾ ಕೂರುತ್ತದೆ. ಲಾಕ್ ತೆಗೆಯಿರಿ, ಮೇಲಿನಿಂದ ನೋಟಿಫಿಕೇಶನ್ ಪಟ್ಟಿ ಎಳೆಯಿರಿ, ಯುಎಸ್‌ಬಿ ಮೂಲಕ ಚಾರ್ಜ್ ಆಗುತ್ತಿದೆ ಅನ್ನುವ ಸಾಲು ಒತ್ತಿ. ಬರುವ ಆಯ್ಕೆಗಳಲ್ಲಿ 'ಫೈಲ್ ಟ್ರಾನ್ಸ್‌ಫರ್' ಆರಿಸಿಕೊಳ್ಳಿ. ಹಳೆ ಫೋನ್‌ಗಳಲ್ಲಿ ಇದನ್ನೇ 'ಎಂಟಿಪಿ' ಅಂತ ಬರೆದಿರುತ್ತದೆ. ಕೇಬಲ್ ತೆಗೆದು ಮತ್ತೆ ಚುಚ್ಚಿದರೆ ಸಾಮಾನ್ಯವಾಗಿ ಇದನ್ನು ಮತ್ತೆ ಆರಿಸಬೇಕಾಗುತ್ತದೆ. ಫೋನಿನ ಹೆಸರು ಕಂಡರೂ ತೆರೆದಾಗ ಒಳಗೆ ಖಾಲಿ ಖಾಲಿ ಇದ್ದರೆ ಗಾಬರಿ ಬೇಡ, ಸಾಮಾನ್ಯವಾಗಿ ಫೋನ್ ಲಾಕ್ ಆಗಿರುತ್ತದೆ, ಅಷ್ಟೇ.

ಈಗ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಫೋನ್ ತೆರೆಯಿರಿ, ಇಂಟರ್ನಲ್ ಸ್ಟೋರೇಜ್ ಒಳಗೆ ಹೋಗಿ. ಹಾಡಿಗೆ 'ಮ್ಯೂಸಿಕ್' ಫೋಲ್ಡರ್, ಸಿನಿಮಾಗೆ 'ಮೂವೀಸ್' ಫೋಲ್ಡರ್. ಇಲ್ಲದಿದ್ದರೆ ನೀವೇ ಮಾಡಿಕೊಳ್ಳಬಹುದು. 'ಆಂಡ್ರಾಯ್ಡ್' ಅನ್ನುವ ಫೋಲ್ಡರಿನೊಳಗೆ ಮಾತ್ರ ಏನೂ ಹಾಕಬೇಡಿ, ಅದು ಆ್ಯಪ್‌ಗಳ ಜಾಗ.

ಫೈಲುಗಳನ್ನು ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿದರೆ ಆಯ್ತು. 'ಕಟ್' ಬೇಡ, ನಡುವೆ ಕೇಬಲ್ ಸಡಿಲವಾದರೆ ಯಾವ ಫೈಲ್ ಎಲ್ಲಿ ಉಳಿಯಿತು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ. ಕೆಲವು ಸಲ ವಿಂಡೋಸ್, ಈ ಫೈಲನ್ನು ನಿಮ್ಮ ಸಾಧನ ಪ್ಲೇ ಮಾಡದೇ ಇರಬಹುದು, ಆದರೂ ಕಾಪಿ ಮಾಡಲಾ ಅಂತ ಕೇಳುತ್ತದೆ. ಹೌದು ಅನ್ನಿ. ಫೋನ್ ಏನನ್ನು ಓಡಿಸುತ್ತದೆ ಅಂತ ಅದಕ್ಕೇನು ಗೊತ್ತು! ಇನ್ನು ವೇಗದ ಮಾತು. ಟೈಪ್-ಸಿ ಪೋರ್ಟ್ ಇದ್ದ ಮಾತ್ರಕ್ಕೆ ವೇಗ ಬರುವುದಿಲ್ಲ, ಎಷ್ಟೋ ಫೋನ್‌ಗಳಲ್ಲಿ ಒಳಗಿರುವುದು ಯುಎಸ್‌ಬಿ 2.0. ಅದರಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿ ಸಿಕ್ಕರೆ ಚೆನ್ನಾಗಿದೆ ಅಂತಲೇ ಲೆಕ್ಕ. ಹಾಗಾಗಿ 4 ಜಿಬಿಯ ಒಂದು ಸಿನಿಮಾಗೆ ಎರಡು ಮೂರು ನಿಮಿಷ ಸಾಕು, ಆದರೆ ಅಷ್ಟೇ ತೂಕದ ಸಾವಿರ ಹಾಡು ಹಾಕಲು ಅದಕ್ಕಿಂತ ತುಂಬ ಹೊತ್ತು ಬೇಕಾಗಬಹುದು. ಯಾಕಂದ್ರೆ ಎಂಟಿಪಿ ಒಂದೊಂದೇ ಫೈಲಿಗೆ ಪ್ರತ್ಯೇಕವಾಗಿ ಮಾತಾಡಿಕೊಂಡು ಸಾಗುತ್ತದೆ. ಹಾಡುಗಳೆಲ್ಲವನ್ನೂ ಒಂದು ಜಿಪ್ ಫೈಲ್ (ಎಲ್ಲ ಸೇರಿಸಿದ ಒಂದೇ ಕಟ್ಟು) ಮಾಡಿ ಕಳಿಸಿ, ಫೋನಿನ ಫೈಲ್ ಮ್ಯಾನೇಜರಿನಲ್ಲಿ ಬಿಚ್ಚಿಕೊಳ್ಳಿ. ಬಿಚ್ಚುವಾಗ ಎರಡರಷ್ಟು ಜಾಗ ಬೇಕು, ಅದು ನೆನಪಿರಲಿ.

ಕಾಪಿ ಆಯ್ತು, ಪ್ಲೇಯರ್‌ನಲ್ಲಿ ಹಾಡೇ ಬರುತ್ತಿಲ್ಲವಾ? ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಸಾಮಾನ್ಯವಾಗಿ ಆಗ ಹೊಸ ಫೈಲುಗಳನ್ನು ಹುಡುಕಿಕೊಳ್ಳುತ್ತದೆ. ಆಗಲೂ ಬರದಿದ್ದರೆ ಆ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ 'ನೋಮೀಡಿಯಾ' (.nomedia) ಅನ್ನುವ ಖಾಲಿ ಫೈಲ್ ಇದೆಯಾ ನೋಡಿ. ಅದು ಇದ್ದ ಕಡೆ ಆಂಡ್ರಾಯ್ಡ್ ಹಾಡು, ವಿಡಿಯೊ ಹುಡುಕುವುದೇ ಇಲ್ಲ. ಎಂಪಿ3, ಎಂ4ಎ, ಫ್ಲ್ಯಾಕ್ ಹಾಡುಗಳಿಗೆ ತೊಂದರೆಯಿಲ್ಲ. ಹಳೆ ವಿಂಡೋಸ್ ಕಾಲದ ಡಬ್ಲ್ಯುಎಂಎ ಹಾಡುಗಳು ಕೈಕೊಡಬಹುದು. ವಿಡಿಯೊದಲ್ಲಿ ಎಚ್.264 (ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ) ಇರುವ ಎಂಪಿ4 ಸಾಮಾನ್ಯವಾಗಿ ಎಲ್ಲ ಕಡೆ ಓಡುತ್ತದೆ. ಬೇರೇನಾದರೂ ಇದ್ದು ಓಡದಿದ್ದರೆ ಮೊದಲು ಫೋನಿಗೆ ವಿಎಲ್‌ಸಿ ಅನ್ನುವ ಪ್ಲೇಯರ್ ಹಾಕಿಕೊಂಡು ನೋಡಿ, ಅದಕ್ಕೂ ಆಗದಿದ್ದರೆ ಮಾತ್ರ ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶದಿಂದ ಕನ್ವರ್ಟ್ ಮಾಡಿ. ಕನ್ವರ್ಟ್ ಮಾಡಿದರೆ ಸಮಯವೂ ಹೋಗುತ್ತದೆ, ಗುಣಮಟ್ಟವೂ ಸ್ವಲ್ಪ ಹೋಗುತ್ತದೆ. ಸಬ್‌ಟೈಟಲ್ ಇದ್ದರೆ ಆ ಫೈಲಿಗೂ ಸಿನಿಮಾದ ಹೆಸರನ್ನೇ ಇಟ್ಟು ಅದೇ ಫೋಲ್ಡರಿಗೆ ಹಾಕಿ.

ಮೆಮೊರಿ ಕಾರ್ಡಿಗೆ ಹಾಕುವವರಿಗೆ ಒಂದು ಮಾತು. ಕಾರ್ಡಿನ ಫಾರ್ಮ್ಯಾಟ್ (ಅದರಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದೇ ಇಲ್ಲ, ಎಷ್ಟು ಜಾಗ ಖಾಲಿ ಇದ್ದರೂ ಅಷ್ಟೇ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು. ಫಾರ್ಮ್ಯಾಟ್ ಅಂದರೆ ಎಲ್ಲ ಅಳಿಸಿಹೋಗುತ್ತದೆ, ಮೊದಲು ಬ್ಯಾಕಪ್.

ನಾಲ್ಕೈದು ಹಾಡಿಗೆ ಕೇಬಲ್ ಯಾಕೆ ಅಲ್ವಾ? ಲೋಕಲ್‌ಸೆಂಡ್ ಅನ್ನುವ ಉಚಿತ ಆ್ಯಪ್ ಇದೆ, ಕಂಪ್ಯೂಟರಿಗೂ ಫೋನಿಗೂ ಹಾಕಿ, ಎರಡನ್ನೂ ಒಂದೇ ವೈಫೈಗೆ ಸೇರಿಸಿ, ಫೈಲ್ ಕಳಿಸಿ. ಇಂಟರ್ನೆಟ್ ಡೇಟಾ ಖರ್ಚಾಗುವುದಿಲ್ಲ. ಒಂದಕ್ಕೊಂದು ಕಾಣಿಸದಿದ್ದರೆ ಕಂಪ್ಯೂಟರಿನ ಫೈರ್‌ವಾಲ್ (ಹೊರಗಿನ ಸಂಪರ್ಕಗಳಿಗೆ ಇರುವ ಕಾವಲು) ತಡೆಯುತ್ತಿರಬಹುದು, ಅಲ್ಲಿ ಅನುಮತಿ ಕೊಡಿ. ಗೂಗಲ್‌ನ ಕ್ವಿಕ್ ಶೇರ್ ಕೂಡ ವಿಂಡೋಸಿಗೆ ಸಿಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಳ್ಳುವ ಅಭ್ಯಾಸ ಇದ್ದರೆ ವಿಡಿಯೊವನ್ನು 'ಡಾಕ್ಯುಮೆಂಟ್' ಆಗಿ ಕಳಿಸಿ. ಇಲ್ಲದಿದ್ದರೆ ಅದು ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ.

ಮ್ಯಾಕ್ ಕಂಪ್ಯೂಟರಿಗೆ ಎಂಟಿಪಿ ತಾನಾಗಿ ಬರುವುದಿಲ್ಲ, ಓಪನ್‌ಎಂಟಿಪಿ ಥರದ ಆ್ಯಪ್ ಹಾಕಿಕೊಳ್ಳಿ, ಇಲ್ಲವೇ ಲೋಕಲ್‌ಸೆಂಡ್ ಸಾಕು.

ಐಫೋನಿನದು ಬೇರೆಯೇ ಕಥೆ. ಅದರ ಮ್ಯೂಸಿಕ್ ಆ್ಯಪಿಗೆ ಹಾಡು ಹಾಕಲು ವಿಂಡೋಸಿನಲ್ಲಿ ಐಟ್ಯೂನ್ಸ್ ಅಥವಾ ಆ್ಯಪಲ್ ಡಿವೈಸಸ್ ಬೇಕು, 2019ರ ಕ್ಯಾಟಲಿನಾ ಅನ್ನುವ ಮ್ಯಾಕ್ಓಎಸ್ ಆವೃತ್ತಿಯಿಂದ ಈಚೆಗಿನ ಮ್ಯಾಕ್‌ಗಳಲ್ಲಿ ಅದರದೇ ಫೈಂಡರ್ ಸಾಕು. ಐಫೋನ್ ಒಂದು ಸಲಕ್ಕೆ ಒಂದೇ ಕಂಪ್ಯೂಟರಿನ ಲೈಬ್ರರಿ ಜೊತೆ ಸಿಂಕ್ ಆಗುತ್ತದೆ, ಅಂದರೆ ಅಲ್ಲಿರುವ ಹಾಡುಗಳಿಗೆ ಹೊಂದಿಕೊಳ್ಳುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ಸಿಂಕ್ ಒತ್ತಿದರೆ, ಮೊದಲು ಸಿಂಕ್ ಮಾಡಿದ ಹಾಡುಗಳನ್ನು ಅಳಿಸಿ ಹೊಸದನ್ನು ಹಾಕಲಾ ಅಂತ ಕೇಳುತ್ತದೆ. ಓದದೆ ಒತ್ತಬೇಡಿ. ನನ್ನನ್ನು ಕೇಳಿದರೆ ವಿಡಿಯೊಗೆ ಈ ರಗಳೆಯೇ ಬೇಡ. ಐಫೋನಿಗೆ ವಿಎಲ್‌ಸಿ ಹಾಕಿ, ಅದರಲ್ಲಿ ವೈಫೈ ಶೇರಿಂಗ್ ಆನ್ ಮಾಡಿದರೆ ಒಂದು ವಿಳಾಸ ತೋರಿಸುತ್ತದೆ, ಅದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಟೈಪ್ ಮಾಡಿ, ತೆರೆದ ಪುಟದ ಮೇಲೆ ಫೈಲ್ ಎಳೆದು ಬಿಡಿ. ಪೂರ್ತಿ ಹೋಗುವವರೆಗೆ ಫೋನಿನಲ್ಲಿ ವಿಎಲ್‌ಸಿ ತೆರೆದೇ ಇರಲಿ, ಬೇರೆ ಆ್ಯಪಿಗೆ ಹೋದರೆ ನಡುವೆಯೇ ನಿಂತುಬಿಡಬಹುದು.